ಮೇಜು ನಮ್ಮದು, ಕಡತ ಊರಿನದು

ಪ್ರತಿ ಕುಟುಂಬದಲ್ಲೂ ‘ಕಂಪ್ಯೂಟರ್ ಗೊತ್ತಿರೋ ಹುಡುಗ’ ಅಂತ ಒಬ್ಬ ಇದ್ದೇ ಇರುತ್ತಾನೆ. ಓದಿದ್ದು ಸಿವಿಲ್ ಎಂಜಿನಿಯರಿಂಗೋ ಬಿ.ಕಾಂ.ಓ ಆಗಿರಬಹುದು, ಯಾವತ್ತೋ ಯಾರದೋ ಮನೆಯಲ್ಲಿ ಸಡಿಲವಾಗಿದ್ದ ವೈರೊಂದನ್ನು ಸಿಕ್ಕಿಸಿಕೊಟ್ಟ ತಪ್ಪಿಗೆ ಆ ಪಟ್ಟ ಅವನಿಗೆ ಕಾಯಂ. ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುತ್ತ ನಿಂತವನನ್ನು ಸೋದರತ್ತೆ ಪಕ್ಕಕ್ಕೆ ಕರೆದು, ‘ಲೋ, ನಮ್ಮ ಲ್ಯಾಪ್‌ಟಾಪು ಆನ್ ಆಗೋಷ್ಟರಲ್ಲಿ ಕುಕ್ಕರು ಮೂರು ಸಲ ಕೂಗಿರತ್ತೆ, ಏನಾದ್ರೂ ಮಾಡೋ’ ಅನ್ನುತ್ತಾರೆ. ಹಿಂದೆಲ್ಲ ಈ ದೂರಿಗೆ ಅವನ ಹತ್ತಿರ ಒಂದೇ ಉತ್ತರವಿತ್ತು: ‘ಫಾರ್ಮ್ಯಾಟ್ ಮಾಡ್ಬೇಕು ಅತ್ತೆ.’ ಈಚೆಗೆ ಬೇರೆ ರಾಗ ತೆಗೆದಿದ್ದಾನೆ: ‘ಲಿನಕ್ಸ್ ಹಾಕ್‌ಬಿಡ್ಲಾ?’

‘ಅದಕ್ಕೆಷ್ಟಾಗತ್ತೋ?’

‘ಏನೂ ಆಗಲ್ಲ ಅತ್ತೆ. ಪುಕ್ಕಟೆ.’

ಅಲ್ಲಿಗೆ ಅತ್ತೆಗೆ ಅನುಮಾನ ಶುರು.

ವಿಂಡೋಸಿನ ಜಾಗದಲ್ಲಿ ಹಾಕಿಕೊಳ್ಳಬಹುದಾದ ಮುಕ್ತ ಕಾರ್ಯಾಚರಣ ವ್ಯವಸ್ಥೆ ಈ ಲಿನಕ್ಸ್. ಅದರ ಪ್ರಚಾರಕರು ನಮ್ಮ ದೇಶದಲ್ಲಿ ಎಡವಿದ್ದು ಇಲ್ಲೇ ಅಂತ ನನ್ನ ವಾದ. ದುಡ್ಡು ಕೊಡಬೇಕಿಲ್ಲ ಅನ್ನುವುದನ್ನೇ ದೊಡ್ಡ ಗುಣವೆಂದು ಡಂಗುರ ಹೊಡೆದರು. ಹೊಡೆದದ್ದು ಯಾರ ಮುಂದೆ? ವಿಂಡೋಸ್‌ಗೆ ಜನ್ಮದಲ್ಲಿ ದುಡ್ಡು ಕೊಟ್ಟಿಲ್ಲದವರ ಮುಂದೆ! ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕಂಪ್ಯೂಟರ್ ಜೋಡಿಸಿಕೊಂಡವರಿಗೆ ನೆನಪಿರುತ್ತದೆ. ಮದರ್‌ಬೋರ್ಡಿನಿಂದ ಮೌಸಿನವರೆಗೆ ಒಂದೊಂದಕ್ಕೂ ಚೌಕಾಸಿ ನಡೆಯುತ್ತಿತ್ತು. ಒಳಗಿನ ತಂತ್ರಾಂಶದ ಬೆಲೆ ಮಾತ್ರ ಚೀಟಿಯಲ್ಲಿ ಬರುತ್ತಲೇ ಇರಲಿಲ್ಲ. ‘ವಿಂಡೋಸು, ಆಫೀಸು, ಫೋಟೋಶಾಪು ಎಲ್ಲಾ ಹಾಕ್ಕೊಡ್ತೀವಿ ಸಾರ್’ ಅಂತ ಅಂಗಡಿಯವನೇ ಆಶೀರ್ವಾದ ಮಾಡಿ ಕಳಿಸುತ್ತಿದ್ದ. ಹಾಗೆ ಧರ್ಮಕ್ಕೆ ಸಿಕ್ಕಿದ್ದರ ಎದುರಿಗೆ ಇನ್ನೊಂದು ಧರ್ಮದ ವಸ್ತು ತಂದಿಟ್ಟರೆ ಯಾರು ತಿರುಗಿ ನೋಡುತ್ತಾರೆ?

ನೋಡಿದವರೂ ಇದ್ದರು ಅನ್ನಿ. 1996ರಲ್ಲಿ ಬೆಂಗಳೂರಿನ ಅತುಲ್ ಚಿಟ್ನಿಸ್ ಅವರ ಉತ್ಸಾಹದಿಂದ ‘ಪಿಸಿ ಕ್ವೆಸ್ಟ್’ ಪತ್ರಿಕೆಯ ಜೊತೆ ಲಿನಕ್ಸ್ ಸಿ.ಡಿ. ಬಂದಾಗ, ಇಂಟರ್ನೆಟ್ ಅನ್ನುವುದು ಟೆಲಿಫೋನು ತಂತಿಯಲ್ಲಿ ಕೀಚುಗುಟ್ಟುತ್ತಿದ್ದ ಆ ಕಾಲಕ್ಕೆ, ಅನೇಕರಿಗೆ ಅದೇ ಮೊದಲ ದರ್ಶನ. ಆಮೇಲೆ 2004ರಲ್ಲಿ ಉಬುಂಟು ಎಂಬ ಲಿನಕ್ಸ್ ಬಂತು. ದಕ್ಷಿಣ ಆಫ್ರಿಕಾದ ಮಾರ್ಕ್ ಶಟಲ್‌ವರ್ತ್ ಎಂಬ ಸಾಹುಕಾರ, ಅದೂ ಬಾಹ್ಯಾಕಾಶಕ್ಕೆ ಸ್ವಂತ ಖರ್ಚಿನಲ್ಲಿ ಹೋಗಿಬಂದ ಆಸಾಮಿ, ಕೇಳಿದವರಿಗೆಲ್ಲ ಸಿ.ಡಿ.ಯನ್ನು ಅಂಚೆ ವೆಚ್ಚವೂ ಇಲ್ಲದೆ ಮನೆಬಾಗಿಲಿಗೆ ಕಳಿಸಿದ. 2011ರ ತನಕ ಆ ದಾಸೋಹ ನಡೆಯಿತು. ಹೊರದೇಶದಿಂದ ಬಂದ ಲಕೋಟೆಯನ್ನು ಪೋಸ್ಟ್‌ಮ್ಯಾನ್ ಕೈಯಿಂದ ಪಡೆಯುವ ಖುಷಿಗೇ ತರಿಸಿಕೊಂಡ ಹುಡುಗರೂ ಇದ್ದರು. ಸಿ.ಡಿ. ಎಷ್ಟು ಜನರ ಕಂಪ್ಯೂಟರಿಗೆ ಇಳಿಯಿತೋ, ಎಷ್ಟು ಹೊಳೆಯುವ ಅಲಂಕಾರವಾಗಿ ಗೋಡೆಯ ಮೇಲೆ ಉಳಿಯಿತೋ.

ಈಗ ಕಾಲ ತಿರುಗಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಏರೋಣವೆಂದರೆ ಅದು ಟಿ.ಪಿ.ಎಂ. 2.0 ಎಂಬ ಭದ್ರತಾ ಚಿಪ್ಪು ಬೇಕು, ಪ್ರೊಸೆಸರು ತನ್ನ ಪಟ್ಟಿಯಲ್ಲಿರಬೇಕು ಎಂದು ಪಟ್ಟು ಹಿಡಿಯುತ್ತದೆ. ಕೀಲಿಮಣೆ ಸವೆಯದ, ಪರದೆ ಮಂಕಾಗದ ಗಟ್ಟಿಮುಟ್ಟು ಲ್ಯಾಪ್‌ಟಾಪುಗಳು ಬರೀ ನಿಯಮದ ಬಲದಿಂದ ಮುದಿಯಾದವು. ಅತ್ತೆಯದೂ ಅಂಥದೇ. ಅದಕ್ಕೆ ಲಿನಕ್ಸ್ ಮಿಂಟನ್ನೋ ಇನ್ನೊಂದನ್ನೋ ಹಾಕಿದರೆ, ಹಳೇ ಹಾರ್ಡ್‌ಡಿಸ್ಕ್ ತೆಗೆಸಿ ಒಂದು ಸಣ್ಣ ಎಸ್.ಎಸ್.ಡಿ. ಕೂರಿಸಿದರೆ, 4 ಜಿ.ಬಿ. ರ‍್ಯಾಮಿನಲ್ಲೇ ಮತ್ತೆ ಎದ್ದು ಓಡಾಡುತ್ತದೆ. ನಾನು ಕಂಡಂತೆ ಈ ಮುಕ್ತ ತಂತ್ರಾಂಶದ ಮೊದಲ ದೊಡ್ಡಗುಣ ಅದು: ವಸ್ತು ಯಾವಾಗ ಹಳತಾಯಿತು ಎಂದು ತೀರ್ಮಾನಿಸುವ ಹಕ್ಕು ಕೊಂಡವರ ಕೈಗೆ ವಾಪಸು ಬರುತ್ತದೆ. ಇನ್ನೊಂದು ಜಾಣತನವೆಂದರೆ ಹಾಕಿಕೊಳ್ಳುವ ಮೊದಲೇ ನೋಡಬಹುದು. ಪೆನ್‌ಡ್ರೈವಿನಿಂದಲೇ ಕಂಪ್ಯೂಟರ್ ಶುರುಮಾಡಿ, ವೈಫೈ ಸಿಗುತ್ತದೆಯೇ, ಸದ್ದು ಬರುತ್ತದೆಯೇ, ಕನ್ನಡ ಮೂಡುತ್ತದೆಯೇ ಎಂದು ಪರೀಕ್ಷಿಸಿ, ಬೇಡವಾದರೆ ಪೆನ್‌ಡ್ರೈವ್ ಕಿತ್ತು ಸುಮ್ಮನಿರಬಹುದು. ಹೆಣ್ಣು ನೋಡುವ ಶಾಸ್ತ್ರದಲ್ಲೂ ಇಷ್ಟು ಅನುಕೂಲವಿಲ್ಲ.

ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿದ್ದವರಿಗೆ ಲಿನಕ್ಸಿನ ಮುಂದಿನ ಗುಣ ಬೇಗ ತಿಳಿಯುತ್ತದೆ. ಕ್ಯಾಲೆಂಡರಿಗೆ ಮೊಳೆ ಹೊಡೆಯಲೂ ಓನರನ್ನು ಕೇಳಬೇಕು. ಆದರೆ ಓನರಿಗೆ ಸುಣ್ಣಬಣ್ಣದ ಮನಸ್ಸಾದರೆ, ನೀವು ಅವತ್ತು ನೆಂಟರನ್ನು ಊಟಕ್ಕೆ ಕರೆದಿದ್ದರೂ ಏಣಿ ಬಂದೇ ಬರುತ್ತದೆ. ತುರ್ತಾಗಿ ಏನೋ ಕಳಿಸಬೇಕಾದ ಹೊತ್ತಿಗೆ ‘ಅಪ್‌ಡೇಟ್ ನಡೆಯುತ್ತಿದೆ, ಆಫ್ ಮಾಡಬೇಡಿ’ ಎಂಬ ನೀಲಿ ಪರದೆಯನ್ನು ದಿಟ್ಟಿಸಿದವರಿಗೆ ಆ ಏಣಿ ಗೊತ್ತು. ಲಿನಕ್ಸಿನಲ್ಲಿ ಮೊಳೆ ನಿಮ್ಮದು, ಗೋಡೆ ನಿಮ್ಮದು. ಅಪ್‌ಡೇಟ್ ಬಂದಿದೆ ಅಂತ ಮಿಂಟಿನಂಥದು ಮೂಲೆಯಲ್ಲಿ ಒಂದು ಗುರುತು ತೋರಿಸಿ ಕಾಯುತ್ತದೆ. ನೀವು ಹೂಂ ಅಂದಾಗ ಬ್ರೌಸರು, ಆಫೀಸು, ಫೋಟೋ ನೋಡುವ ತಂತ್ರಾಂಶ ಎಲ್ಲವನ್ನೂ ಒಟ್ಟಿಗೆ ಹೊಸದು ಮಾಡುತ್ತದೆ. ಸರಿ, ಸ್ವಂತ ಮನೆಯ ಸಂಪು ಸೋರಿದರೆ ಪ್ಲಂಬರನ್ನು ಹುಡುಕಿಕೊಂಡು ಹೋಗುವವರೂ ನೀವೇ. ಲ್ಯಾಪ್‌ಟಾಪಿನ ಬೆರಳಚ್ಚು ಓದುವ ಗುಂಡಿ ಕೆಲಸ ಮಾಡದೆ ಹೋಗಬಹುದು. ಮುಚ್ಚಿಟ್ಟ ಲ್ಯಾಪ್‌ಟಾಪು ನಿದ್ದೆಯಿಂದ ಏಳಲು ಮೊಂಡು ಹಿಡಿಯಬಹುದು. ಆಗ ಫೋನ್ ಮಾಡಿ ಬೈಯಲು ಕಂಪನಿ ಇಲ್ಲ. ಕುಟುಂಬದ ಆ ಹುಡುಗ ಇದ್ದಾನೆ, ಅಷ್ಟೆ.

ಇಂಥದ್ದೊಂದನ್ನು ಸಂಬಳವಿಲ್ಲದೆ ಕಟ್ಟಿದವರು ಯಾರು ಅಂತ ಕೆದಕುತ್ತ ಹೋದರೆ ಹರಟೆಗೆ ಸಾಮಗ್ರಿ ಹೇರಳ. ಉಬುಂಟು, ಮಿಂಟ್ ಇವುಗಳಿಗೆಲ್ಲ ಮೂಲ ಡೆಬಿಯನ್. 1993ರಲ್ಲಿ ಅದನ್ನು ಶುರುಮಾಡಿದ ಇಯಾನ್ ಮರ್ಡಾಕ್ ತನ್ನ ಗೆಳತಿ ಡೆಬ್ರಾಳ ಹೆಸರಿಗೆ ತನ್ನದನ್ನು ಅಂಟಿಸಿ ಈ ನಾಮಕರಣ ಮಾಡಿದ. ಆಮೇಲೆ ಅವರು ಮದುವೆಯೂ ಆದರು, ಬೇರೆಯೂ ಆದರು. ಹೆಸರಿನ ಎರಡು ಅರ್ಧಗಳು ಮಾತ್ರ ಇವತ್ತಿಗೂ ಸಾವಿರಾರು ಸರ್ವರುಗಳ ಮೇಲೆ ಒಟ್ಟಿಗಿವೆ. ಡೆಬಿಯನ್ನಿನ ಆವೃತ್ತಿಗಳಿಗೆಲ್ಲ ‘ಟಾಯ್ ಸ್ಟೋರಿ’ ಸಿನಿಮಾದ ಬೊಂಬೆಗಳ ಹೆಸರು. ನ್ಯಾಯಾಲಯ, ವಿಶ್ವವಿದ್ಯಾಲಯಗಳ ಗಂಭೀರ ಕೆಲಸಗಳು ಬಝ್, ವುಡಿ ಅನ್ನುವ ಬೊಂಬೆಗಳ ಹೆಗಲ ಮೇಲೆ ನಡೆದದ್ದು ನನಗೆ ಯಾಕೋ ಬಹಳ ಹಿಡಿಸುತ್ತದೆ.

ಕನ್ನಡದ ವಿಷಯಕ್ಕೆ ಬಂದರೆ ನನ್ನ ಮಾತು ಉದ್ದವಾಗುತ್ತದೆ, ಸಹಿಸಿಕೊಳ್ಳಬೇಕು. 1991 ಒಂದು ಮಜವಾದ ವರ್ಷ. ಆಗಸ್ಟ್ 25ರಂದು ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್, ತಾನೊಂದು ಕಾರ್ಯಾಚರಣ ವ್ಯವಸ್ಥೆ ಬರೆಯುತ್ತಿದ್ದೇನೆ, ಬರೀ ಹವ್ಯಾಸಕ್ಕೆ ಅಂತ ಅಂತರ್ಜಾಲದ ಚರ್ಚಾಗುಂಪೊಂದಕ್ಕೆ ತಿಳಿಸಿದ. ಅದೇ ಮುಂದೆ ಲಿನಕ್ಸ್ ಆಯಿತು. ಅದೇ ವರ್ಷ ಯೂನಿಕೋಡಿನ ಮೊದಲ ಆವೃತ್ತಿ ಹೊರಬಂತು, ಕನ್ನಡವೂ ಅದರಲ್ಲಿತ್ತು. ಆದರೆ ಪಟ್ಟಿಯಲ್ಲಿ ಜಾಗ ಸಿಕ್ಕಿದ ಮಾತ್ರಕ್ಕೆ ಪರದೆಯ ಮೇಲೆ ಅಕ್ಷರ ನೆಟ್ಟಗೆ ನಿಲ್ಲುವುದಿಲ್ಲ. ಒತ್ತಕ್ಷರ ಕೆಳಗಿಳಿಯಬೇಕು. ಅರ್ಕಾವೊತ್ತು ತಾನು ಮೊದಲು ಉಚ್ಚಾರವಾದರೂ ವಿನಯದಿಂದ ವ್ಯಂಜನದ ಬೆನ್ನ ಹಿಂದಕ್ಕೆ ಹೋಗಿ ನಿಲ್ಲಬೇಕು. ದೀರ್ಘ ಬಂದರೆ ಅದಕ್ಕೂ ದಾರಿ ಬಿಡಬೇಕು. ಈ ಉಪಚಾರವೆಲ್ಲ ಗೊತ್ತಿಲ್ಲದ ಪರದೆಗಳಲ್ಲಿ ‘ಸೂರ್ಯ’ ಚೂರುಚೂರಾಗಿ ಬಿದ್ದಿರುತ್ತಿದ್ದುದನ್ನು ನಾವು ವರ್ಷಗಟ್ಟಲೆ ನೋಡಿದ್ದೇವೆ. ಇದನ್ನು ಸರಿಪಡಿಸಿದ್ದರಲ್ಲಿ ಮುಕ್ತ ತಂತ್ರಾಂಶದವರ ಪಾಲು ದೊಡ್ಡದು. ಇರಾನ್ ಮೂಲದ ಬೆಹದಾದ್ ಎಸ್ಫಹಬೋದ್ ಮುಂದೆ ನಿಂತು ಬೆಳೆಸಿದ ಹಾರ್ಫ್‌ಬಝ್ ಎಂಬ ಅಕ್ಷರ ಜೋಡಿಸುವ ಯಂತ್ರ ಇವತ್ತು ಲಿನಕ್ಸಿನಲ್ಲಿದೆ, ಫೈರ್‌ಫಾಕ್ಸಿನಲ್ಲಿದೆ, ಕ್ರೋಮಿನಲ್ಲಿದೆ, ಆಂಡ್ರಾಯ್ಡಿನಲ್ಲೂ ಇದೆ. ಲಿನಕ್ಸ್ ಅಂದರೆ ಏನು ಅಂತ ಕೇಳುವ ಅತ್ತೆ, ಅದರ ಮೇಲೆಯೇ ನಿಂತ ಫೋನಿನಲ್ಲಿ, ಅದೇ ಯಂತ್ರ ಜೋಡಿಸಿಕೊಟ್ಟ ಒತ್ತಕ್ಷರಗಳಲ್ಲಿ, ದಿನಾ ಬೆಳಗ್ಗೆ ಶುಭೋದಯ ಕಳಿಸುತ್ತಿರುತ್ತಾರೆ.

ಕನ್ನಡ ಕುಟ್ಟುವವರಿಗೂ ಕಷ್ಟವಿಲ್ಲ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ ಕಗಪ ಕೀಲಿಮಣೆಗೆ, ‘ಎಫ್’ ಒತ್ತಿ ಒತ್ತಕ್ಷರ ಮಾಡುವ ಆ ಅಭ್ಯಾಸಕ್ಕೆ ಬೆರಳು ಒಗ್ಗಿದವರು ಬೇರೇನೂ ಕಲಿಯಬೇಕಿಲ್ಲ. ಲಿನಕ್ಸಿನ ಭಾಷಾ ಸೆಟ್ಟಿಂಗಿನಲ್ಲೇ ಅದು ಕೂತಿದೆ. ಲೋಹಿತ್, ಗುಬ್ಬಿ, ನವಿಲು, ನೋಟೋ ಅಂತ ಒಳ್ಳೆಯ ಫಾಂಟುಗಳಿವೆ. ಹಳೇ ಪುಸ್ತಕದ ಪುಟವನ್ನು ಸ್ಕ್ಯಾನ್ ಮಾಡಿ ಟೆಸರಾಕ್ಟ್ ಎಂಬ ತಂತ್ರಾಂಶಕ್ಕೆ ಕೊಟ್ಟರೆ ತಿದ್ದಬಹುದಾದ ಕನ್ನಡ ಪಠ್ಯ ಹೊರಗೆ ಬರುತ್ತದೆ. ಅಚ್ಚು ಸ್ವಚ್ಛವಾಗಿದ್ದರೆ ತಕ್ಕಮಟ್ಟಿಗೆ ಚೆನ್ನಾಗಿಯೇ ಬರುತ್ತದೆ. ಕಾಗುಣಿತ ತಿದ್ದುವ ಸೌಲಭ್ಯವನ್ನು ಮಾತ್ರ ನಾನು ಆಫ್ ಮಾಡಿಟ್ಟಿದ್ದೇನೆ. ‘ಹೋಗಬೇಕಾಗಿತ್ತಂತೆ’ ಅಂತ ಬರೆದರೆ ಅದಕ್ಕೆ ತಲೆ ತಿರುಗಿ ಕೆಂಪು ಗೆರೆ ಎಳೆಯುತ್ತದೆ. ಪ್ರತ್ಯಯದ ಮೇಲೆ ಪ್ರತ್ಯಯ ಪೇರಿಸುವ ನಮ್ಮ ಭಾಷೆಯನ್ನು ಪದಪಟ್ಟಿ ಹಿಡಿದು ಕಾಯುತ್ತೇನೆ ಅನ್ನುವವರ ಗತಿ ಅಷ್ಟೇ.

ಇಷ್ಟಾದರೂ ಕನ್ನಡದ ಸಂಕಟ ಮುಗಿಯುವುದಿಲ್ಲ, ಮತ್ತು ಆ ಸಂಕಟ ಲಿನಕ್ಸ್ ತಂದದ್ದಲ್ಲ. ಯಾವುದೋ ಕಚೇರಿಯಿಂದ ಕಡತ ಬರುತ್ತದೆ. ತೆರೆದರೆ ಪೌಂಡಿನ ಚಿಹ್ನೆ, ತಲೆಯ ಮೇಲೆ ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು. ಯೂನಿಕೋಡಿಗೆ ಮುಂಚಿನ ನುಡಿ ಫಾಂಟಿನಲ್ಲಿ ಬರೆದ ಪಠ್ಯ ಅದು. ಒಳಗೆ ಇರುವುದು ನಿಜವಾಗಿಯೂ ಇಂಗ್ಲಿಷ್ ಸಂಕೇತಗಳೇ, ಮೇಲೆ ಕನ್ನಡದ ವೇಷ. ‘ನುಡಿ 01 ಇ’ ಫಾಂಟು ಇರುವ ಕಂಪ್ಯೂಟರಿನಲ್ಲಿ ವೇಷ ಸರಿಯಾಗಿ ಕೂರುತ್ತದೆ, ಇಲ್ಲದ ಕಡೆ ಬಣ್ಣ ಕಳಚುತ್ತದೆ. ಆ ಫಾಂಟನ್ನು ಲಿನಕ್ಸಿಗೂ ಹಾಕಿಕೊಳ್ಳಬಹುದು, ಯೂನಿಕೋಡಿಗೆ ಪರಿವರ್ತಿಸುವ ಉಪಕರಣಗಳೂ ಇವೆ. ಪರಿವರ್ತಿಸಿ, ತಿದ್ದಿ ವಾಪಸು ಕಳಿಸಿದರೆ ಆ ಕಡೆಯಿಂದ ಫೋನು: ‘ಸಾರ್, ನೀವು ಕಳ್ಸಿದ್ದು ನಮ್ಮಲ್ಲಿ ಓಪನ್ ಆಗುತ್ತೆ, ಆದ್ರೆ ಪೇಜ್‌ಮೇಕರಿಗೆ ಹೋಗಲ್ಲ. ನುಡೀಲೇ ಕಳ್ಸಿ.’ ಪುಟ ಕಟ್ಟುವ ತಂತ್ರಾಂಶವಾದ ಈ ಪೇಜ್‌ಮೇಕರಿನ ಏಳನೇ ಆವೃತ್ತಿ ಬಂದದ್ದು 2001ರಲ್ಲಿ. ಎಂಟನೆಯದು ಬರಲೇ ಇಲ್ಲ. ನಮ್ಮ ಎಷ್ಟೋ ಡಿಟಿಪಿ ಅಂಗಡಿಗಳಲ್ಲಿ ಅದು ಇನ್ನೂ ಅನ್ನ ಕೊಡುತ್ತಿದೆ. ಪುಟ ಕಟ್ಟಲು ಲಿನಕ್ಸಿನಲ್ಲಿ ಸ್ಕ್ರೈಬಸ್ ಇದೆ, ಈಗ ಅದಕ್ಕೆ ಕನ್ನಡದ ಒತ್ತುಗಳೂ ಗೊತ್ತು. ಅಚ್ಚಿನ ಮನೆಯವರಿಗೆ ಹೇಳಿನೋಡಿ. ‘ಪಿ.ಡಿ.ಎಫ್. ಕೊಡಿ ಸಾಕು’ ಅಂತ ಅವರು ಅಂದರೆ ನಿಮ್ಮ ಅದೃಷ್ಟ.

ನಾನು ಹೇಳಬೇಕೆಂದಿದ್ದ ಮಾತಿಗೆ ಕೊನೆಗೂ ಬಂದೆ. ದಿನದ ಕೆಲಸಕ್ಕೆ ಲಿನಕ್ಸ್ ಸಾಲುತ್ತದೆಯೇ ಎಂಬ ಪ್ರಶ್ನೆಯನ್ನು ಜನ ಕಂಪ್ಯೂಟರಿನ ಕಡೆ ನೋಡುತ್ತ ಕೇಳುತ್ತಾರೆ. ನನಗೆ ಅದು ಮನೆಯಾಚೆಗಿನ ಪ್ರಶ್ನೆ ಅನ್ನಿಸುತ್ತದೆ. ಕೂತು ಬರೆಯುವುದು, ಓದುವುದು, ಪಹಣಿ ತೆಗೆಯುವುದು, ರೈಲು ಟಿಕೆಟ್ಟು, ಬ್ಯಾಂಕು, ಮಗಳ ಜೊತೆ ವಿಡಿಯೋ ಮಾತು ಇವೆಲ್ಲ ಈಗ ಬ್ರೌಸರಿನೊಳಗೇ ನಡೆಯುತ್ತವೆ. ಬ್ರೌಸರಿಗೆ ಕೆಳಗಿನ ನೆಲ ಯಾವುದಾದರೇನು. ಆದರೆ ಕೆಲಸ ಅನ್ನುವುದು ಒಬ್ಬರ ಮೇಜಿನ ಮೇಲೆ ಹುಟ್ಟಿ ಅಲ್ಲೇ ಮುಗಿಯುವುದು ಅಪರೂಪ. ಇನ್ನೊಬ್ಬರು ಕಳಿಸಿದ್ದನ್ನು ತೆರೆಯಬೇಕು, ಮತ್ತೊಬ್ಬರು ತೆರೆಯುವಂತೆ ಕಳಿಸಬೇಕು. ಲಿಬ್ರೆಆಫೀಸ್ ವರ್ಡ್ ಕಡತವನ್ನು ತೆರೆಯುತ್ತದೆ, ಇಂಗ್ಲಿಷಿನದಾದರೆ ಕ್ಯಾಲಿಬ್ರಿ ಫಾಂಟಿನ ಜಾಗಕ್ಕೆ ಅದೇ ಅಳತೆಯ ಕಾರ್ಲಿಟೋ ಬಂದು ಕೂತು ಸಾಲು ಕದಲದಂತೆ ನೋಡಿಕೊಳ್ಳುತ್ತದೆ. ವಿಂಡೋಸಿನ ತುಂಗಾ ಫಾಂಟಿನ ಕನ್ನಡಕ್ಕೆ ಅಂಥ ತದ್ರೂಪಿ ಆಳಿಲ್ಲ. ಅಲ್ಲಿ ಒಂದು ಪುಟಕ್ಕೆ ಅಚ್ಚುಕಟ್ಟಾಗಿ ಮುಗಿದಿದ್ದ ಆಮಂತ್ರಣ ಇಲ್ಲಿ ‘ತಮ್ಮ ಆಗಮನಾಭಿಲಾಷಿಗಳು’ ಎಂಬಲ್ಲಿಗೆ ಎರಡನೇ ಪುಟಕ್ಕೆ ಜಾರುತ್ತದೆ. ಎಕ್ಸೆಲ್ ಹಾಳೆಯಲ್ಲಿ ಯಾರೋ ಪುಣ್ಯಾತ್ಮರು ಮ್ಯಾಕ್ರೋ ಬರೆದಿಟ್ಟಿದ್ದರೆ ಅದು ಇಲ್ಲಿ ನಡೆದರೂ ನಡೆಯಿತು, ಕುಂಟಿದರೂ ಕುಂಟಿತು.

ಲೆಕ್ಕಪತ್ರದವರ ಕತೆ ಇನ್ನೂ ಬಿಗಿ. ಬೆಂಗಳೂರಿನಿಂದಲೇ ದೇಶವಿಡೀ ಆಳುತ್ತಿರುವ ಟ್ಯಾಲಿ ವಿಂಡೋಸಿಗೆಂದು ಬರೆದದ್ದು. ಟೆಂಡರು ಹಾಕುವವರ ಡಿಜಿಟಲ್ ಸಹಿ ಒಂದು ಪೆನ್‌ಡ್ರೈವಿನಂಥ ಟೋಕನ್ನಿನಲ್ಲಿರುತ್ತದೆ. ಅದನ್ನು ಜಾಲತಾಣಕ್ಕೆ ಪರಿಚಯ ಮಾಡಿಸುವ ಮಧ್ಯವರ್ತಿ ತಂತ್ರಾಂಶ ಬಹಳ ಕಡೆ ವಿಂಡೋಸನ್ನೇ ನಂಬಿಕೊಂಡಿದೆ. ಕೊನೆಯ ದಿನ ಸಂಜೆ ಐದು ಗಂಟೆಗೆ ಸ್ವಾತಂತ್ರ್ಯದ ತತ್ವ ಹೇಳಿದರೆ ಗುತ್ತಿಗೆದಾರರು ಕೇಳಿಸಿಕೊಳ್ಳುವುದಿಲ್ಲ, ಕೇಳಿಸಿಕೊಳ್ಳಲೂಬಾರದು.

ಇಡೀ ಊರಿಗೆ ಊರೇ ಇದನ್ನು ಅನುಭವಿಸಿದ ಉದಾಹರಣೆ ಜರ್ಮನಿಯ ಮ್ಯೂನಿಕ್. 2003ರಲ್ಲಿ ಅಲ್ಲಿನ ನಗರಸಭೆ ವಿಂಡೋಸ್ ಬಿಡುವ ಮಾತೆತ್ತಿದಾಗ, ಮೈಕ್ರೋಸಾಫ್ಟಿನ ಮುಖ್ಯಸ್ಥ ಸ್ಟೀವ್ ಬಾಮರ್ ಹಿಮದ ಮೇಲೆ ಜಾರುವ ತನ್ನ ರಜೆಯನ್ನು ಅರ್ಧಕ್ಕೆ ಬಿಟ್ಟು ಮೇಯರನ್ನು ಕಾಣಲು ಓಡಿಬಂದ. ನಗರಸಭೆ ಜಗ್ಗಲಿಲ್ಲ. ವರ್ಷಗಟ್ಟಲೆ ದುಡಿದು, 2013ರ ಹೊತ್ತಿಗೆ ಸುಮಾರು 15,000 ಕಂಪ್ಯೂಟರುಗಳನ್ನು ‘ಲಿಮಕ್ಸ್’ ಎಂಬ ತಮ್ಮದೇ ಲಿನಕ್ಸಿಗೆ ದಾಟಿಸಿದರು. 2017ರಲ್ಲಿ ಅದೇ ನಗರಸಭೆ ವಿಂಡೋಸಿಗೆ ವಾಪಸಾಗಲು ಮತ ಹಾಕಿತು. ಮೇಯರು ಬದಲಾಗಿದ್ದರು, ರಾಜಕೀಯವಿತ್ತು, ಎಲ್ಲ ನಿಜ. ಆದರೆ ಸಿಬ್ಬಂದಿಯ ದೂರುಗಳಲ್ಲಿ ಮತ್ತೆ ಮತ್ತೆ ಬಂದದ್ದು ಹೊರಗಿನವರ ಜೊತೆ ಕಡತ ಅದಲುಬದಲು ಮಾಡುವಾಗಿನ ಗೋಳೇ. ಸುತ್ತಲಿನವರು ಬದಲಾಗದೆ ಒಂದು ಊರು ಬದಲಾಗಿತ್ತು. ಕೇರಳದಲ್ಲಿ ಇದರ ಉಲ್ಟಾ ನಡೆಯಿತು. ಸರ್ಕಾರಿ ಶಾಲೆಗಳ ಪಾಠ, ಪ್ರಯೋಗ, ಪರೀಕ್ಷೆ ಎಲ್ಲವನ್ನೂ ಒಟ್ಟಿಗೆ ಲಿನಕ್ಸಿಗೆ ತಂದರು. ಕಳಿಸುವವರೂ ತೆರೆಯುವವರೂ ಅದರೊಳಗೇ ಇದ್ದದ್ದರಿಂದ ವರ್ಷಾನುಗಟ್ಟಲೆ ನಡೆದುಕೊಂಡು ಹೋಗುತ್ತಿದೆ. ಜರ್ಮನಿಯದೇ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ಸುಮಾರು 30,000 ಕಂಪ್ಯೂಟರುಗಳನ್ನು ದಾಟಿಸುತ್ತೇವೆಂದು 2024ರಲ್ಲಿ ಹೊರಟಿತು. ಒಂದು ರಾಜ್ಯವೇ ಹೊರಟರೆ ಸುತ್ತಲಿನವರು ಎಷ್ಟು ಬಗ್ಗುತ್ತಾರೋ ನೋಡಲು ನನಗೆ ಕುತೂಹಲ.

ಪ್ರಿಂಟರಿನ ವಿಷಯ ಹೇಳದಿದ್ದರೆ ಹರಟೆಗೆ ದ್ರೋಹವಾಗುತ್ತದೆ, ಯಾಕೆಂದರೆ ಮುಕ್ತ ತಂತ್ರಾಂಶದ ಈ ಚಳವಳಿ ಹುಟ್ಟಿದ್ದೇ ಒಂದು ಪ್ರಿಂಟರಿನ ಮೇಲಿನ ಸಿಟ್ಟಿನಿಂದ. ಅಮೆರಿಕದ ಎಂ.ಐ.ಟಿ.ಯಲ್ಲಿ ಝೆರಾಕ್ಸ್ ಕಂಪನಿ ಕೊಟ್ಟಿದ್ದ ಲೇಸರ್ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಹಾಕಿಕೊಳ್ಳುತ್ತಿತ್ತು. ರಿಚರ್ಡ್ ಸ್ಟಾಲ್ಮನ್ ಅದರ ತಂತ್ರಾಂಶ ತಿದ್ದೋಣವೆಂದು ಮೂಲಸಂಕೇತ ಕೇಳಿದರೆ ಕೊಡಲಿಲ್ಲ. ಆ ಕೋಪ ಬೆಳೆದು 1983ರಲ್ಲಿ ಗ್ನು ಎಂಬ ಮುಕ್ತ ತಂತ್ರಾಂಶ ಯೋಜನೆಯ ಘೋಷಣೆಯಾಯಿತು. ಅದೇ ಚಳವಳಿ ಮುಂದೆ ಎರಡು ದಶಕ ಪ್ರಿಂಟರುಗಳ ಎದುರಿಗೇ ಕೈಕಟ್ಟಿ ನಿಲ್ಲಬೇಕಾದದ್ದು ವಿಧಿವಿಲಾಸ. ಈಗ ವೈಫೈ ಇರುವ ಹೊಸ ಪ್ರಿಂಟರುಗಳು ಡ್ರೈವರು ಕೇಳದೆಯೇ ಮುದ್ರಿಸುತ್ತವೆ, ಕೆಲವು ವಿಂಡೋಸಿಗಿಂತ ಬೇಗ. ಆದರೆ ನಮ್ಮ ಕಡೆ ವಕೀಲರ ಆಫೀಸು, ಝೆರಾಕ್ಸ್ ಅಂಗಡಿ, ಸೊಸೈಟಿ ಕಚೇರಿ ಎಲ್ಲಿ ನೋಡಿದರೂ ಕಾಣುವ ಒಂದು ಕುಳ್ಳ ಲೇಸರ್ ಪ್ರಿಂಟರ್ ಇದೆಯಲ್ಲ, ಅದನ್ನು ಲಿನಕ್ಸಿಗೆ ಒಲಿಸಲು ಹೋದ ಘಟಾನುಘಟಿಗಳು ಕೂದಲು ಕಿತ್ತುಕೊಂಡಿದ್ದಾರೆ. ಹೆಸರು ಹೇಳುವುದು ಬೇಡ, ನಿಮ್ಮ ಪಕ್ಕದ ಅಂಗಡಿಯಲ್ಲೇ ಇದ್ದೀತು.

ಮೂಲಸಂಕೇತವನ್ನು ಸಾವಿರ ಕಣ್ಣು ನೋಡುವುದರಿಂದ ಮುಕ್ತ ತಂತ್ರಾಂಶ ಭದ್ರ ಅನ್ನುವ ಮಾತೂ ಇದೆ. 2024ರ ಮಾರ್ಚಿನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಲಾಗಿನ್ ಆಗುವುದು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಅಂತ ಕೆದಕಿ, ಎಕ್ಸ್‌ಝೆಡ್ ಎಂಬ ಪುಟ್ಟ ತಂತ್ರಾಂಶದೊಳಗೆ ಯಾರೋ ಅಡಗಿಸಿಟ್ಟಿದ್ದ ಕಳ್ಳಬಾಗಿಲನ್ನು ಪತ್ತೆಮಾಡಿದ. ಸಂಕೇತ ತೆರೆದಿದ್ದಕ್ಕೇ ಕೆದಕಲು ಸಾಧ್ಯವಾಯಿತು. ಅದೇ ಕತೆಯ ಇನ್ನೊಂದು ಮಗ್ಗುಲು: ಲೋಕವೆಲ್ಲ ಬಳಸುವ ಆ ತಂತ್ರಾಂಶವನ್ನು ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದವನು ದಣಿದ ಒಬ್ಬನೇ ಒಬ್ಬ, ಸಹಾಯ ಮಾಡುತ್ತೇನೆಂದು ಬಂದು ಅವನ ವಿಶ್ವಾಸ ಗಳಿಸಿದವನೇ ಕಳ್ಳ. ಅಂದಹಾಗೆ ಫ್ರಾಯಿಂಡ್ ಸಂಬಳ ಎಣಿಸುತ್ತಿದ್ದದ್ದು ಮೈಕ್ರೋಸಾಫ್ಟಿನಲ್ಲಿ.

ಈಗ ಯಾರಾದರೂ ಬಂದು ‘ನಾನೂ ಲಿನಕ್ಸ್ ಹಾಕಿಸ್ಕೊಳ್ಳಲಾ?’ ಅಂತ ಕೇಳಿದರೆ ನಾನು ರ‍್ಯಾಮ್ ಎಷ್ಟು, ಪ್ರೊಸೆಸರು ಯಾವುದು ಅಂತ ವಿಚಾರಿಸುವುದಿಲ್ಲ. ಮೊನ್ನೆ ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಕೇಳಿದರು. ‘ನಿಮ್ಮ ಆಡಿಟರ್ ಯಾರು ಮೇಷ್ಟ್ರೇ?’ ಅಂದೆ.

‘ಆಡಿಟರಾ? ನನಗೆ ಬರೋ ಪೆನ್ಷನ್ನಿಗೆ ಆಡಿಟರ್ ಬೇರೆ ಕೇಡು!’

‘ಪುಸ್ತಕ ಗಿಸ್ತಕ ಅಚ್ಚು ಹಾಕಿಸೋ ಯೋಚನೆ?’

‘ಬರೀತಾ ಇದೀನಿ. ಮೊದ್ಲು ಮುಗೀಲಿ.’

‘ಪ್ರಿಂಟರ್ ಇದೆಯಾ ಮನೇಲಿ?’

‘ಇಲ್ಲಪ್ಪ, ಮೂಲೆ ಅಂಗಡಿಗೆ ವಾಟ್ಸ್ಯಾಪ್ ಮಾಡಿದ್ರೆ ತೆಗೆದುಕೊಡ್ತಾನೆ.’

ಹಾಗಿದ್ದರೆ ಭಾನುವಾರ ಲ್ಯಾಪ್‌ಟಾಪ್ ತನ್ನಿ ಅಂದೆ. ಹಳೇ ಫೋಟೋಗಳನ್ನೆಲ್ಲ ಮೊದಲು ಬೇರೆ ಕಡೆ ಉಳಿಸಿಟ್ಟುಕೊಂಡೇ ಬರಬೇಕು ಅಂತಲೂ ಹೇಳಿದ್ದೇನೆ.